ಹೌದು, ಶನಿವಾರ ದೋಸೆ ತಿನ್ನಲು ಒಬ್ಬಳೇ ಹೋಗುತ್ತೇನೆ

ನೆಂಟರು, ನೆರೆಯವರು, ಸಹೋದ್ಯೋಗಿಗಳು, ಒಮ್ಮೆ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಹೆಸರೂ ಗೊತ್ತಿಲ್ಲದ ಹೆಂಗಸು ಕೂಡ ನನ್ನನ್ನು ಕೇಳಿರುವ ಪ್ರಶ್ನೆ ಒಂದೇ: "ಪೈಸೆ ಪೈಸೆಗೂ ಲೆಕ್ಕ ಬರೆದು ಸಂಸಾರ ಮಾಡ್ತೀರ, ಮತ್ತೆ ಶನಿವಾರ ಶನಿವಾರ ಒಬ್ಬರೇ ಹೋಟೆಲಿಗೆ ಹೋಗ್ತೀರಲ್ಲ, ಅದು ಹ್ಯಾಗೆ ಉಳಿತಾಯ?" ಬಾಯಿಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುವುದೆಂದು ತೀರ್ಮಾನಿಸಿ ಬರೆಯುತ್ತಿದ್ದೇನೆ, ಆದ್ದರಿಂದ ಎದುರಿಗೆ ನಿಂತಾಗ ನಾನು ತೋರಿಸುವ ವಿನಯವನ್ನು ಇಲ್ಲಿ ನಿರೀಕ್ಷಿಸಬೇಡಿ.

ಮೊದಲು ಆರೋಪದ ವಿವರ. ನಾನು ಮೈಸೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡುವವಳು. ಶನಿವಾರ ಕೆಲಸ ಮುಗಿಸಿ ಅಗ್ರಹಾರದ ಕಡೆ ಬಸ್ಸು ಹಿಡಿಯುತ್ತೇನೆ. ಅಲ್ಲಿನ ಒಂದು ಹಳೆಯ ಹೋಟೆಲಿನಲ್ಲಿ ನಾಲ್ಕು ಗಂಟೆಗೆ ಕಾವಲಿ ಮತ್ತೆ ಕಾಯುತ್ತದೆ. ಒಂದು ಮಸಾಲೆ ದೋಸೆ 70 ರೂಪಾಯಿ, ಒಂದು ಕಾಫಿ 20 ರೂಪಾಯಿ. ಗೋಡೆಯ ಕಡೆ ಮುಖ ಮಾಡಿ ಕುಳಿತು, ದೋಸೆಯ ಗರಿಯಾದ ಅಂಚನ್ನು ಮೊದಲು ಮುರಿದು ತಿಂದು, ಪಲ್ಯವಿರುವ ನಡುಭಾಗವನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಆ ಇಪ್ಪತ್ತೈದು ನಿಮಿಷ ನನ್ನನ್ನು ಯಾರೂ ಅಮ್ಮ ಎಂದು, ಮೇಡಂ ಎಂದು ಕೂಗುವುದಿಲ್ಲ. ನಂತರ ಮನೆಗೆ ಹೋಗಿ ಎಲ್ಲರಿಗೂ ಅಡುಗೆ ಮಾಡುತ್ತೇನೆ. ಅಪರಾಧ ಇಷ್ಟೇ.

ಪ್ರಶ್ನೆಯಲ್ಲಿ ನನ್ನನ್ನು ಕೆಣಕುವುದು ಹಣದ ಮಾತಲ್ಲ, "ಒಬ್ಬಳೇ" ಎಂಬ ಮಾತು. ಮನೆ ಮಂದಿಯೆಲ್ಲ ಹೋಗಿ 600 ರೂಪಾಯಿ ಬಿಲ್ಲು ಮಾಡಿ ಬಂದರೆ ಅದು ಸಂತೋಷ, ನಾನೊಬ್ಬಳು 90 ರೂಪಾಯಿ ಖರ್ಚು ಮಾಡಿದರೆ ಅದು ಚಟ. ನಮ್ಮ ಯಜಮಾನರು ಹಳೆಯ ರೇಡಿಯೊಗಳನ್ನು ಬಿಚ್ಚಿ ಜೋಡಿಸುವವರು. ಅದಕ್ಕೆ ಬೇಕಾದ ಬಿಡಿಭಾಗಗಳನ್ನು ತಿಂಗಳು ತಿಂಗಳೂ ಕೊಳ್ಳುತ್ತಾರೆ. ಮನೆಗೆ ಬಂದವರು ಆ ರೇಡಿಯೊಗಳ ಮುಂದೆ ನಿಂತು "ಒಳ್ಳೇ ಹವ್ಯಾಸ" ಎಂದು ಮೆಚ್ಚುತ್ತಾರೆ. ಅವುಗಳಲ್ಲಿ ಎರಡು ಮಾತ್ರ ಮಾತನಾಡುತ್ತವೆ ಎಂಬುದು ಬೇರೆ ವಿಷಯ.

ಕಳೆದ ಫೆಬ್ರವರಿಯಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನನ್ನ ಎದುರು ಸಾಲಿನಲ್ಲಿ ಯಜಮಾನರ ದೊಡ್ಡಮ್ಮ, ಅಂದರೆ ನನಗೆ ದೊಡ್ಡತ್ತೆ, ಕುಳಿತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, ಎರಡೂ ಸಾಲಿಗೆ ಕೇಳಿಸುವ ಹಾಗೆ, "ಏನಮ್ಮಾ, ವಾರ ವಾರ ಹೋಟೆಲಂತೆ? ಮನೇಲಿ ದೋಸೆ ಹಿಟ್ಟು ಇರಲ್ವ? ಒಬ್ಳೇ ಹೋಗಿ ತಿನ್ನಕ್ಕೆ ಗಂಟಲಲ್ಲಿ ಇಳಿಯತ್ತಾ?" ಎಂದರು. ಸಾಲು ನಕ್ಕಿತು. ನಾನೂ ನಕ್ಕು, "ಹೋಳಿಗೆ ಆರೋಗತ್ತೆ, ತಿನ್ನಿ ದೊಡ್ಡತ್ತೆ" ಎಂದೆ. ಆ ಹೊತ್ತಿನಲ್ಲಿ ನನ್ನ ಪರ್ಸಿನಲ್ಲಿ ಮುಯ್ಯಿಯ ಕವರು ಇತ್ತು, ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ದು, ಒಟ್ಟು 1,001 ರೂಪಾಯಿ. ಅದು ನನ್ನ ಹನ್ನೊಂದು ಶನಿವಾರಗಳು. ಹಿಂದಿನ ವರ್ಷ ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶಗಳ ಮುಯ್ಯಿಗೆಂದು ನಮ್ಮ ಮನೆಯಿಂದ 16,300 ರೂಪಾಯಿ ಹೋಗಿದೆ. ಹಾಗೆಂದು ಮುಯ್ಯಿ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ನಮಗೂ ಬರುತ್ತದೆ, ಬಂದದ್ದನ್ನು ಬರೆದಿಟ್ಟುಕೊಂಡೇ ತೀರಿಸುತ್ತೇವೆ. ಆದರೆ "ಇಷ್ಟು ಲೆಕ್ಕದವರು ಮುಯ್ಯಿ ಯಾಕೆ ಹಾಕ್ತೀರ?" ಎಂದು ದೊಡ್ಡತ್ತೆ ಕೇಳಿದ್ದು ನೆನಪಿಲ್ಲ.

ಓರಗಿತ್ತಿಯ ಮಗನ ತಕರಾರು ಸ್ವಲ್ಪ ಆಧುನಿಕವಾದದ್ದು. ಅವನು ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ: "ಚಿಕ್ಕಮ್ಮ, ತಿಂಗಳಿಗೆ 400 ರೂಪಾಯಿ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಿ, ವರ್ಷಕ್ಕೆ 12 ಪರ್ಸೆಂಟ್ ಅಂದ್ರೂ 20 ವರ್ಷಕ್ಕೆ 4 ಲಕ್ಷ." ಲೆಕ್ಕ ತಪ್ಪಿಲ್ಲ. ನಾನು ಅದೇ ಮೊಬೈಲು ಇಸಿದುಕೊಂಡು ಮುಂದುವರಿಸಿದೆ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಇಂದಿನ 90 ರೂಪಾಯಿಯ ದೋಸೆ ಕಾಫಿಗೆ 20 ವರ್ಷಗಳ ನಂತರ ಸುಮಾರು 288 ರೂಪಾಯಿ ಆಗಬೇಕು. ಅವನ 4 ಲಕ್ಷದಲ್ಲಿ ಆಗ ಸುಮಾರು 1,390 ದೋಸೆ ಬರುತ್ತವೆ. ನಾನು ಉಳಿತಾಯ ಮಾಡದೆ ಈ 20 ವರ್ಷಗಳಲ್ಲಿ, ತಿಂಗಳಿಗೆ ನಾಲ್ಕರಂತೆ, ತಿನ್ನುವುದು 960. ಅಂದರೆ ಹೆಚ್ಚಿನ 430 ದೋಸೆಗಳ ಆಸೆಗೆ, ನಲವತ್ತನಾಲ್ಕರಿಂದ ಅರವತ್ತನಾಲ್ಕರವರೆಗೆ ಒಂದೂ ದೋಸೆ ತಿನ್ನದೆ ಕಾದು, ವೈದ್ಯರು ಎಣ್ಣೆ ಬೆಣ್ಣೆ ಬಿಡಿ ಎನ್ನುವ ವಯಸ್ಸಿನಲ್ಲಿ 1,390 ದೋಸೆಗಳನ್ನು ಎದುರಿಗಿಟ್ಟುಕೊಂಡು ಕೂರಬೇಕು. ಹುಡುಗ ಸುಮ್ಮನಾದ. ತಿಂಗಳ ಕಂತನ್ನೂ ದೋಸೆಯ ಬೆಲೆಯ ಜೊತೆಗೇ ಏರಿಸುತ್ತ ಹೋದರೆ ಲೆಕ್ಕ ಇನ್ನಷ್ಟು ಅವನ ಕಡೆಗೇ ವಾಲುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಉಳಿತಾಯದ ವಿಷಯಕ್ಕೇ ಬರೋಣ. ನಮ್ಮಿಬ್ಬರ ಸಂಬಳ ಸೇರಿ ಕೈಗೆ ಬರುವುದು 62,000 ರೂಪಾಯಿ. ಸಂಬಳವಾದ ದಿನವೇ, ಮನೆ ಬಾಡಿಗೆಗೂ ಮೊದಲು, 9,500 ರೂಪಾಯಿ ಕೈಬಿಟ್ಟು ಹೋಗುತ್ತದೆ: ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ 3,000, ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳೂ ಕಟ್ಟುವ ಅರವತ್ತು ತಿಂಗಳ ಆರ್‌ಡಿಗೆ 2,500, ಇಪ್ಪತ್ತೈದು ಜನರ ಒಂದು ಲಕ್ಷದ ಚೀಟಿಗೆ 4,000. ಸುಕನ್ಯಾ ಖಾತೆಯನ್ನು ಯೋಜನೆ ಆರಂಭವಾದ 2015ರಲ್ಲೇ ತೆರೆದೆ, ಆಗ ಮಗಳಿಗೆ ನಾಲ್ಕು ವರ್ಷ. ಬಡ್ಡಿ ಒಮ್ಮೆ ಶೇಕಡಾ 9.2 ಇದ್ದದ್ದು 7.6ಕ್ಕೆ ಇಳಿದು, ಈಗ 8.2ಕ್ಕೆ ಬಂದು ನಿಂತಿದೆ. ಇಳಿದಾಗಲೂ ಒಂದು ಕಂತನ್ನೂ ತಪ್ಪಿಸಿಲ್ಲ. ಚೀಟಿಯನ್ನು ಮಾತ್ರ ಶಾಲೆಯ ಶುಲ್ಕದ ತಿಂಗಳಲ್ಲಿ ಹರಾಜು ಕೂಗಿ ಎತ್ತಬೇಕಾಗುತ್ತದೆ, ಅವಸರದಲ್ಲಿ ಕೂಗಿದವರಿಗೆ ಎಷ್ಟು ಕಡಿತವಾಗುತ್ತದೆ ಎಂಬುದು ಚೀಟಿ ಹಾಕಿದವರಿಗೆ ಗೊತ್ತು. ಇದಿಷ್ಟೂ ಆದ ಮೇಲೆ ಉಳಿದ ಹಣದಲ್ಲಿ ಮನೆ ನಡೆಯುತ್ತದೆ, ಆ ಮನೆ ಖರ್ಚಿನ ಒಳಗೆ ದೋಸೆ ಇದೆ. ಸರ್ಕಾರ ಮನೆಯೊಡತಿಗೆ ಕೊಡುವ ಗೃಹಲಕ್ಷ್ಮಿಯ ದುಡ್ಡಿನಲ್ಲಿ ನಾನು ದೋಸೆ ತಿನ್ನುತ್ತೇನೆಂದು ಊಹಿಸಿದವರೂ ಇದ್ದಾರೆ. ಆ 2,000 ರೂಪಾಯಿ ನಮ್ಮತ್ತೆಯ ಖಾತೆಗೆ ಬರುತ್ತದೆ, ಅದನ್ನು ಕೇಳುವ ಧೈರ್ಯ ನನಗಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಎಂಬುದು ನಿಜ, 2023ರ ಜೂನ್‌ನಿಂದ ಅದೊಂದು ಖರ್ಚು ಉಳಿದಿದೆ.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರು ತರುವ ನಮ್ಮ ಮನೆಗೆ ಅದು ತಿಂಗಳಿಗೆ 180 ರೂಪಾಯಿ, ಸರಿಯಾಗಿ ಎರಡು ಶನಿವಾರ. ಬೆಲೆ ಹೀಗೆ ಏರಿದಾಗಲೆಲ್ಲ ಮೊದಲು ಕತ್ತರಿಸಬೇಕಾದದ್ದು ನನ್ನ ದೋಸೆಯೇ ಎಂದು ಎಲ್ಲರೂ ಭಾವಿಸುತ್ತಾರೆ. ನಾನೂ ಒಮ್ಮೆ ಹಾಗೆಯೇ ಭಾವಿಸಿ ಆರು ತಿಂಗಳು ಬಿಟ್ಟೆ. ಉಳಿದದ್ದು 2,400 ರೂಪಾಯಿ. ಏಳನೆಯ ತಿಂಗಳು ಒಂದು ಕೈಮಗ್ಗದ ಪ್ರದರ್ಶನಕ್ಕೆ "ಸುಮ್ಮನೆ ನೋಡಲು" ಹೋದವಳು 5,600 ರೂಪಾಯಿಯ ಸೀರೆಯನ್ನು ಕಂತಿನ ಮೇಲೆ ತಂದೆ. ಆರು ತಿಂಗಳು ಇಷ್ಟು ತ್ಯಾಗ ಮಾಡಿದ್ದೇನೆ, ನನಗೆ ಇಷ್ಟೂ ಇಲ್ಲವೇ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡಿದ್ದೆ. ಸೀರೆಯ ಬಣ್ಣವೂ ನನಗೆ ಒಪ್ಪುವುದಿಲ್ಲ.

ಯಾರೂ ಕೇಳದ ಇನ್ನೊಂದು ಖರ್ಚೂ ಇದೆ. 2021ರಲ್ಲಿ ಪರಿಚಯದವರೊಬ್ಬರು ಮನೆಗೆ ಬಂದು, ಕಾಫಿ ಕುಡಿದು, ವಿಮೆಯೂ ಆಯಿತು ಉಳಿತಾಯವೂ ಆಯಿತು ಎಂದು ವರ್ಷಕ್ಕೆ 24,000 ರೂಪಾಯಿಯ ಪಾಲಿಸಿಯೊಂದಕ್ಕೆ ಯಜಮಾನರಿಂದ ಸಹಿ ಹಾಕಿಸಿದರು. ಸಹಕಾರ ಸಂಘದ ಲೆಕ್ಕ ನೋಡುವ ನಾನು ಅಲ್ಲೇ ಕುಳಿತಿದ್ದೆ. ದಾಕ್ಷಿಣ್ಯಕ್ಕೆ ಬಾಯಿ ಬಿಡಲಿಲ್ಲ. ಎರಡು ಕಂತು ಕಟ್ಟಿದ ಮೇಲೆ ಮುಂದುವರಿಸಲಾಗದೆ ಪಾಲಿಸಿಯನ್ನು ಅವಧಿಗೆ ಮೊದಲೇ ಕಂಪನಿಗೆ ಹಿಂದಿರುಗಿಸಿದೆವು. ಕಟ್ಟಿದ್ದು 48,000, ಕೈಗೆ ಬಂದದ್ದು ಅದರ ನೂರಕ್ಕೆ ಮೂವತ್ತು, ಅಂದರೆ 14,400. ಹೋದ 33,600 ರೂಪಾಯಿಯಲ್ಲಿ 373 ಬಾರಿ ದೋಸೆ ಕಾಫಿ ಆಗುತ್ತಿತ್ತು, ಏಳೂವರೆ ವರ್ಷಕ್ಕೂ ಮೀರಿ. ದಾಕ್ಷಿಣ್ಯ ನಮ್ಮ ಮನೆಯ ಅತಿ ದುಬಾರಿ ಚಟ ಎಂಬುದು ಲೆಕ್ಕದ ಪುಸ್ತಕದಿಂದಲೇ ತಿಳಿಯುತ್ತದೆ, ಆದರೆ ಅದನ್ನು ಬಿಡಿ ಎಂದು ಯಾರೂ ಉಪದೇಶ ಮಾಡಿಲ್ಲ.

ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಬೇರೆ. ನನ್ನ ಲೆಕ್ಕದ ಪುಸ್ತಕದಲ್ಲಿ ದಿನಸಿ, ತರಕಾರಿ, ಹಾಲು, ಔಷಧಿ, ಮುಯ್ಯಿ ಎಂಬ ಕಾಲಂಗಳ ನಂತರ, ಬಲ ಅಂಚಿನಲ್ಲಿ, "ಸ್ವಂತ" ಎಂಬ ಕಾಲಂ ಇದೆ. ಅದು ಯಾವಾಗ ಬಂತು ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಆ ಶನಿವಾರ, 12ನೇ ತಾರೀಕು, ಎರಡನೆಯ ಶನಿವಾರವಾದರೂ ಬ್ಯಾಂಕುಗಳು ತೆರೆದಿದ್ದವು. ಬೆಳಿಗ್ಗೆ ಏಳೂವರೆಗೆ ಕೆ.ಆರ್. ನಗರದ ಕಡೆಯಿಂದ ಅಮ್ಮ, ಮುಂಚೆ ತಿಳಿಸದೆ, ನಮ್ಮ ಮನೆ ಬಾಗಿಲಿಗೆ ಬಂದಳು. ಕೈಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ನನ್ನ ಕೈಗಿಟ್ಟಳು. ಒಳಗೆ 500ರ ನೋಟುಗಳು, ಇಪ್ಪತ್ತಮೂರು. ಎಲ್ಲರೂ ಸಾಸಿವೆ ಡಬ್ಬಿ ಎನ್ನುತ್ತಾರೆ, ಅಮ್ಮ ಅಷ್ಟು ಸುಲಭಕ್ಕೆ ಸಿಕ್ಕಿಬೀಳುವವಳಲ್ಲ. ರಾಗಿ ಡ್ರಮ್ಮಿನ ತಳದಲ್ಲಿ ಇಟ್ಟಿದ್ದಳು. ನೋಟಿನ ಮಡಿಕೆಗಳಲ್ಲೆಲ್ಲ ರಾಗಿಯ ಧೂಳು ಕೂತಿತ್ತು, ಎಣಿಸಿದ ಮೇಲೆ ನನ್ನ ಬೆರಳುಗಳು ಒರಟಾಗಿದ್ದವು. ಅವಳಿಗೆ ಇದ್ದದ್ದು ಅಪ್ಪನ ಜೊತೆಗಿನ ಜಂಟಿ ಖಾತೆ, ಅದಕ್ಕೆ ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಬರುತ್ತದೆ.

ನಾಲ್ಕು ಗಂಟೆ ಸರದಿಯಲ್ಲಿ ನಿಂತೆವು. ಆಗ ಒಬ್ಬರಿಗೆ ಬದಲಾಯಿಸಿ ಕೊಡುತ್ತಿದ್ದ ಮಿತಿ 4,000. ಅಮ್ಮನ ಮತದಾರರ ಗುರುತಿನ ಚೀಟಿಯ ನಕಲು ಕೊಟ್ಟು 2,000ದ ಎರಡು ಗುಲಾಬಿ ನೋಟು ಪಡೆದೆವು, ಉಳಿದ 7,500 ನನ್ನ ಖಾತೆಗೆ ಹೋಯಿತು. ಸರದಿಯಲ್ಲಿ ನಾನು ಕೇಳಿದೆ: "ಇಷ್ಟು ವರ್ಷ ಇಷ್ಟು ದುಡ್ಡು ಇಟ್ಕೊಂಡು ನಿನಗೆ ಅಂತ ಏನೂ ತಗೊಳ್ಲಿಲ್ವಲ್ಲಮ್ಮ, ಯಾಕೆ?" ಅಮ್ಮ ಮುಂದಿನವರ ಬೆನ್ನು ನೋಡುತ್ತಲೇ ಹೇಳಿದಳು: "ತಗೊಂಡ್ರೆ ದುಡ್ಡು ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ."

ಹಸಿವಾಗಿತ್ತು. ಅದೇ ಅಗ್ರಹಾರದ ಹೋಟೆಲಿಗೆ ಕರೆದುಕೊಂಡು ಹೋದೆ. ಚಿಲ್ಲರೆ ಇದ್ದರೆ ಮಾತ್ರ ಎಂದು ಗಲ್ಲಾದ ಮೇಲೆ ಬರೆದಿದ್ದರು, ನನ್ನ ಬಳಿ ನೂರರ ನೋಟು ಎರಡಿದ್ದವು. ಅಮ್ಮ ಮೊದಲು ಬೆಲೆಪಟ್ಟಿ ಓದಿ ಇಡ್ಲಿ ಸಾಕೆಂದಳು, ನಾನು ಮಸಾಲೆ ದೋಸೆ ಹೇಳಿದೆ. ಅರ್ಧ ತಿಂದು, ಎಂದಿನಂತೆ, "ಇದನ್ನ ನಿಮ್ಮಪ್ಪಂಗೆ ಕಟ್ಟಿಸ್ಕೊಳ್ಲಾ?" ಎಂದಳು. ಒಂದು ಗಳಿಗೆ ಬಿಟ್ಟು, ತಾನೇ, "ಬೇಡ, ಎಲ್ಲಿಂದ ಬಂತು ಅಂತಾರೆ" ಎಂದು ಉಳಿದ ಅರ್ಧವನ್ನೂ ತಿಂದಳು. ಅಮ್ಮ ಒಂದು ಇಡೀ ದೋಸೆಯನ್ನು ಒಬ್ಬಳೇ ತಿಂದು ಮುಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

2017ರ ಜನವರಿಯ ಹೊಸ ಪುಸ್ತಕದಲ್ಲಿ "ಸ್ವಂತ" ಕಾಲಂ ಗೆರೆ ಎಳೆದೆ. ಈಗ ಅದರಲ್ಲಿ ನನಗೆ 400, ಯಜಮಾನರಿಗೆ 400, ಅತ್ತೆಗೆ 300, ಮಗಳಿಗೆ 200, ಮಗನಿಗೆ 100, ಒಟ್ಟು 1,400 ರೂಪಾಯಿ. ಬರುವ ನೂರು ರೂಪಾಯಿಯಲ್ಲಿ ಎರಡೂಕಾಲು. ಮೊತ್ತ ಬರೆಯಬೇಕು, ಯಾವುದಕ್ಕೆಂದು ಬರೆಯಬೇಕಾಗಿಲ್ಲ, ಮತ್ತೊಬ್ಬರು ಕೇಳುವಂತೆಯೂ ಇಲ್ಲ. ಕೊರತೆಯ ತಿಂಗಳಲ್ಲಿ ಎಲ್ಲರದೂ ಅರ್ಧವಾಗುತ್ತದೆ, ಒಬ್ಬರದು ಮಾತ್ರ ಸೊನ್ನೆಯಾಗುವುದಿಲ್ಲ. ಅತ್ತೆ ತಮ್ಮ ಪಾಲಿನಲ್ಲಿ ದೇವರಾಜ ಮಾರುಕಟ್ಟೆಯಿಂದ ಮಲ್ಲಿಗೆ ತರಿಸುತ್ತಾರೆ ಎಂಬುದು ನಮಗೆಲ್ಲ ಗೊತ್ತು, ಆದರೆ ಅದು ಮುಡಿಯಿಂದ ಗೊತ್ತಾದದ್ದು, ಪುಸ್ತಕದಿಂದಲ್ಲ. ಮಗಳು ಒಮ್ಮೆ "ನಾನೂ ಹೋಟೆಲಿಗೆ ಬರ್ಲಾ?" ಎಂದಳು; ನಿನ್ನ ಕಾಲಂನಿಂದ ಬಾ ಎಂದೆ. ಬೆರಳು ಮಡಿಚಿ ಎಣಿಸಿ, ಮಸಾಲೆ ಪುರಿಯೇ ವಾಸಿ ಎಂದು ತನ್ನ ದಾರಿ ಹಿಡಿದಳು.

ಐದು ಶನಿವಾರ ಬರುವ ತಿಂಗಳಲ್ಲಿ ಏನು ಮಾಡುತ್ತೀರಿ ಎಂದು ಇನ್ನೂ ಯಾರೂ ಕೇಳಿಲ್ಲ, ಕೇಳುವ ಮೊದಲೇ ಹೇಳಿಬಿಡುತ್ತೇನೆ: ಐದನೆಯ ಶನಿವಾರ ಕಾಫಿ ಮಾತ್ರ. ಇದನ್ನು ಬರೆಯುತ್ತಿರುವ ವಾರ ಹೋಟೆಲಿನವರು ದೋಸೆಗೆ 75 ಮಾಡಿ, ಹಲಗೆಯ ಹಳೆಯ ಅಂಕಿಯ ಮೇಲೆ ಕಾಗದ ಅಂಟಿಸಿದ್ದಾರೆ. ಮೇಲಿನ ಲೆಕ್ಕಗಳನ್ನು ತಿದ್ದಲು ಹೋಗುವುದಿಲ್ಲ. ನಾಲ್ಕು ಸಲ 95 ಎಂದರೆ 380, ಐದನೆಯ ವಾರದ ಕಾಫಿ 20, ಸರಿಯಾಗಿ 400. ಕಾಫಿಯ ಬೆಲೆಯ ಮೇಲೆ ಕಾಗದ ಅಂಟಿಸುವವರೆಗೆ ಕಾಲಂ ಮುಟ್ಟಬೇಕಾಗಿಲ್ಲ.