ಅಟ್ಲಾಂಟಾದಿಂದ ಸೆಲ್ಮಾಗೆ: ಸೋಮವಾರ ಮಾತ್ರ ಬೇಡ

ಬರ್ಮಿಂಗ್‌ಹ್ಯಾಮ್‌ನ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟ್ ಮುಂದೆ, ಅಂದರೆ ಅಮೆರಿಕದ ಕಪ್ಪುಜನರ ಸಮಾನ ಹಕ್ಕಿನ ಹೋರಾಟದ ಮ್ಯೂಸಿಯಂ ಮುಂದೆ, ನಾವು ನಾಲ್ಕು ಜನ ಹೋಗಿ ನಿಂತಾಗ ಬೆಳಿಗ್ಗೆ ಹತ್ತು ಗಂಟೆ. ಬಾಗಿಲು ಹಾಕಿತ್ತು. ಅಂದು ಸೋಮವಾರ. ಯಜಮಾನರು ನನ್ನ ಮುಖ ನೋಡಿದರು. ಮಗಳು ಫೋನ್ ತೆಗೆದು ನೋಡಿ, "ಭಾನುವಾರ, ಸೋಮವಾರ ಎರಡೂ ದಿನ ರಜೆ ಅಮ್ಮ" ಅಂದಳು. ಆ ಹೋರಾಟ ನಡೆದ ಊರುಗಳ ಈ ಪ್ರವಾಸ ಪ್ಲಾನ್ ಮಾಡಿದ್ದು ನಾನೇ. ಹೋಟೆಲ್ ಬುಕ್ ಮಾಡಿದ್ದೆ, ಚಿತ್ರಾನ್ನ ಕಟ್ಟಿದ್ದೆ, ಅತ್ತೆಯ ಬಿಪಿ ಮಾತ್ರೆ ಎಣಿಸಿಟ್ಟಿದ್ದೆ. ವಾರ ಮಾತ್ರ ನೋಡಿರಲಿಲ್ಲ.

ಹಾಗಾಗಿ ಮೊದಲು ದಿನದ ಲೆಕ್ಕ. ಅಟ್ಲಾಂಟಾ, ಬರ್ಮಿಂಗ್‌ಹ್ಯಾಮ್, ಸೆಲ್ಮಾ, ಮಾಂಟ್‌ಗೊಮರಿ, ವಾಪಸ್ ಅಟ್ಲಾಂಟಾ. ನಾಲ್ಕು ದಿನ ಸಾಕು. ನಾವು ಭಾನುವಾರ ಶುರು ಮಾಡಿ ಕೆಟ್ಟೆವು. ನೀವು ಗುರುವಾರ ಶುರು ಮಾಡಿ. ಆಗ ಶುಕ್ರವಾರ ಬರ್ಮಿಂಗ್‌ಹ್ಯಾಮ್, ಶನಿವಾರ ಸೆಲ್ಮಾ, ಭಾನುವಾರ ಮಾಂಟ್‌ಗೊಮರಿ ಆಗುತ್ತದೆ. ಮಾಂಟ್‌ಗೊಮರಿಯ ದೊಡ್ಡ ಮ್ಯೂಸಿಯಂಗೆ ಸೋಮವಾರ, ಮಂಗಳವಾರ ರಜೆ. ಆದರೂ ಹೊರಡುವ ವಾರ ಎಲ್ಲ ಕಡೆಯ ಸಮಯ ಇನ್ನೊಮ್ಮೆ ನೋಡಿಕೊಳ್ಳಿ, ಬದಲಾಗುತ್ತಿರುತ್ತದೆ. ನಡುವಿನ ಮೂರೂ ಊರುಗಳಿರುವ ಅಲಬಾಮಾ ರಾಜ್ಯದ ಗಡಿಯಾರ ಅಟ್ಲಾಂಟಾಗಿಂತ ಒಂದು ಗಂಟೆ ಹಿಂದೆ. ಹೋಗುವಾಗ ಒಂದು ಗಂಟೆ ಸುಮ್ನೆ ಸಿಗುತ್ತದೆ, ಬರುವಾಗ ಅದೇ ಗಂಟೆ ಕೈತಪ್ಪುತ್ತದೆ.

ಅಟ್ಲಾಂಟಾದಲ್ಲಿ ಆಬರ್ನ್ ಅವೆನ್ಯೂ ಒಂದೇ ರಸ್ತೆ ಸಾಕು. ಆ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ, ಎಬೆನೇಜರ್ ಚರ್ಚು, ನೀರಿನ ಕೊಳದ ನಡುವೆ ಸಮಾಧಿ, ಎಲ್ಲ ನಡೆಯುವ ದೂರದಲ್ಲಿವೆ. ಟಿಕೆಟ್ ಇಲ್ಲ. ವಿಸಿಟರ್ ಸೆಂಟರ್ ಎದುರು ಗಾಂಧೀಜಿ ನಡೆಯುತ್ತಿರುವ ಪ್ರತಿಮೆ ಇದೆ. ಅತ್ತೆ ಚಪ್ಪಲಿ ಬಿಟ್ಟು ಕೈ ಮುಗಿದರು. ಕಿಂಗ್ 1959ರಲ್ಲಿ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಓಡಾಡಿದ್ದರು ಅಂತ ಹೇಳಿದೆ. "ನಾನು ಆಗ ಲಂಗ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ" ಅಂದರು.

ಬಾಗಿಲು ಹಾಕಿದ ಬರ್ಮಿಂಗ್‌ಹ್ಯಾಮ್‌ಗೆ ಬರೋಣ. ಇನ್‌ಸ್ಟಿಟ್ಯೂಟ್ ಎದುರಿಗೇ ಕೆಲ್ಲಿ ಇಂಗ್ರಾಮ್ ಪಾರ್ಕ್. ಇದಕ್ಕೆ ಬಾಗಿಲೂ ಇಲ್ಲ, ರಜೆಯೂ ಇಲ್ಲ. 1963ರ ಮೇ ತಿಂಗಳಲ್ಲಿ ಶಾಲೆ ಬಿಟ್ಟು ಮೆರವಣಿಗೆಗೆ ಬಂದ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟಿದ್ದು, ಫೈರ್ ಎಂಜಿನ್ ಪೈಪಿನಿಂದ ನೀರು ಹೊಡೆದಿದ್ದು ಇಲ್ಲೇ. ನಡೆದಾಡುವ ದಾರಿಯ ಎರಡೂ ಪಕ್ಕ ಲೋಹದ ಗೋಡೆ ನಿಲ್ಲಿಸಿ, ಅದರಿಂದ ನಾಯಿಗಳು ಹಾರಿ ಬರುವಂತೆ ಮಾಡಿದ್ದಾರೆ. ದಾರಿ ಅವುಗಳ ನಡುವೆಯೇ ಹೋಗುತ್ತದೆ. ಹಲ್ಲು, ಕೊರಳಪಟ್ಟಿ ಎಲ್ಲ ನಿಮ್ಮ ಸೊಂಟದ ಹತ್ತಿರಕ್ಕೇ ಬರುತ್ತವೆ. ಹದಿನಾಲ್ಕು ವರ್ಷದ ಮಗಳು ಅರ್ಧಕ್ಕೆ ನಿಂತುಬಿಟ್ಟಳು. ಮ್ಯೂಸಿಯಂನ ಗಾಜಿನ ಹಿಂದಿನ ಫೋಟೋ ಹೀಗೆ ಯಾರನ್ನೂ ನಿಲ್ಲಿಸುವುದಿಲ್ಲ.

ಪಾರ್ಕಿನ ಮೂಲೆಗೆ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚು. ಅದೇ ವರ್ಷ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10.22ಕ್ಕೆ ಇಲ್ಲಿ ಬಾಂಬ್ ಸಿಡಿಯಿತು. ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ ಹದಿನಾಲ್ಕು, ಒಬ್ಬಳಿಗೆ ಹನ್ನೊಂದು. ಮಗಳು ಆ ಸಾಲು ಎರಡು ಸಲ ಓದಿದಳು. ನಾನು ಏನೂ ಹೇಳಲಿಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ ನೇರ ಮಾಂಟ್‌ಗೊಮರಿಗೆ ಹೋಗಬೇಡಿ. ಮೊದಲು ಸೆಲ್ಮಾಗೆ ಹೋಗಿ, ಅಲ್ಲಿಂದ ಹೈವೇ 80 ಹಿಡಿಯಿರಿ. 1965ರಲ್ಲಿ ಜನ ಕಾಲ್ನಡಿಗೆಯಲ್ಲಿ ಹೋದ ದಿಕ್ಕೂ ಅದೇ.

ಸೆಲ್ಮಾ ಸಣ್ಣ ಊರು. ಖಾಲಿ ಅಂಗಡಿಗಳು ಜಾಸ್ತಿ. 2023ರ ಜನವರಿಯಲ್ಲಿ ಸುಂಟರಗಾಳಿ ಬೇರೆ ಬಡಿದಿತ್ತು. ಪೇಟೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಎಡ್ಮಂಡ್ ಪೆಟಸ್ ಸೇತುವೆಯನ್ನು ನಡೆದೇ ದಾಟಿ. ಹತ್ತು ನಿಮಿಷದ ದಾರಿ. ಪಕ್ಕದಲ್ಲೇ ಲಾರಿ ಹೋದಾಗ ಕಾಲ ಕೆಳಗೆ ಗಡಗಡ ಅನ್ನುತ್ತದೆ. ಸೇತುವೆ ನಡುವೆ ಎತ್ತರ. ಊರಿನ ಕಡೆಯಿಂದ ಹತ್ತುವಾಗ ಆಚೆ ಬದಿ ಕಾಣುವುದೇ ಇಲ್ಲ, ನೆತ್ತಿಗೆ ಬಂದ ಮೇಲೆಯೇ ಕಾಣುವುದು. ಮಾರ್ಚ್ 7ರ ಭಾನುವಾರ ಮತದಾನದ ಹಕ್ಕು ಕೇಳಿಕೊಂಡು ಬಂದ ಸುಮಾರು 600 ಜನರಿಗೂ, ಲಾಠಿ ಹಿಡಿದು ಸಾಲಾಗಿ ನಿಂತ ಪೊಲೀಸರು ಕಂಡಿದ್ದು ಇಲ್ಲೇ. ಅವರು ಹಿಂದಕ್ಕೆ ತಿರುಗಲಿಲ್ಲ, ಇಳಿದು ಹೋದರು. ಲಾಠಿ ಏಟಿಗೆ, ಮುಂದಿದ್ದ ಹೋರಾಟಗಾರ ಜಾನ್ ಲೂಯಿಸ್‌ಗೆ ತಲೆಬುರುಡೆ ಬಿರುಕು ಬಿಟ್ಟಿತು. ಆಗ ವಯಸ್ಸು 25. ಮುಂದೆ ಅವರು ನಮ್ಮ ಅಟ್ಲಾಂಟಾದಿಂದಲೇ ಆರಿಸಿ ಹೋಗಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಸತ್ತಿನಲ್ಲಿದ್ದರು. 2020ರಲ್ಲಿ ತೀರಿಕೊಂಡಾಗ ಕುದುರೆ ಗಾಡಿಯಲ್ಲಿ ಅವರ ಶವಪೆಟ್ಟಿಗೆ ಇದೇ ಸೇತುವೆ ದಾಟಿತು. ಸೇತುವೆಗೆ ಇರುವ ಹೆಸರು ಮಾತ್ರ ಇವತ್ತಿಗೂ ಕಪ್ಪುಜನರ ಮೇಲೆ ದಾಳಿ ಮಾಡುತ್ತಿದ್ದ ಕ್ಲಾನ್ ಎಂಬ ಬಿಳಿಯರ ಗುಪ್ತ ಸಂಘಟನೆಯ ಒಬ್ಬ ಮುಖಂಡನದ್ದು.

ಓಟು ಹಾಕಲು ಇಷ್ಟೆಲ್ಲ ಯಾಕೆ ಅಂತ ಅತ್ತೆಗೆ ಅರ್ಥವೇ ಆಗಲಿಲ್ಲ. ಕಪ್ಪುಜನರಿಗೆ ಕಾನೂನಿನಲ್ಲಿ ಹಕ್ಕು ಇತ್ತು, ಹೆಸರು ಬರೆಸಲು ಹೋದರೆ ಸಂವಿಧಾನದ ಪರೀಕ್ಷೆ ಇಟ್ಟು ಫೇಲ್ ಮಾಡುತ್ತಿದ್ದರು ಅಂತ ಬಿಡಿಸಿ ಹೇಳಿದೆ. "ನಮ್ಮಮ್ಮ ಹೆಬ್ಬೆಟ್ಟು. ಎತ್ತಿನ ಜೋಡಿ ಚಿತ್ರ ನೋಡಿ ಓಟು ಹಾಕಿ ಬರೋರು. ಅವರಿಗೆ ಯಾರು ಪರೀಕ್ಷೆ ಇಟ್ಟಿದ್ರು?" ಅಂದರು. ಮೈಸೂರಿನವರು, ಬೆರಳಿನ ಶಾಯಿಯೂ ನಮ್ಮೂರದ್ದೇ ಅಂತ ಸೇರಿಸುವುದನ್ನು ಮರೆಯಲಿಲ್ಲ.

ಎರಡು ವಾರದ ನಂತರ, ಮಾರ್ಚ್ 21ಕ್ಕೆ, ಸೆಲ್ಮಾದಿಂದ ಮತ್ತೆ ಹೊರಟವರು 54 ಮೈಲಿ ನಡೆದು 25ಕ್ಕೆ ಮಾಂಟ್‌ಗೊಮರಿ ಸೇರಿದರು. ಕಾರಿನಲ್ಲಿ ಒಂದು ಗಂಟೆ. ದಾರಿಯಲ್ಲಿ ಲೌಂಡ್ಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಇಂಟರ್‌ಪ್ರಿಟಿವ್ ಸೆಂಟರ್ ಬಿಡಬೇಡಿ. ಓಟಿಗೆ ಹೆಸರು ಬರೆಸಿದ ತಪ್ಪಿಗೆ ಗೇಣಿ ಜಮೀನಿಂದ ಎತ್ತಂಗಡಿಯಾದ ಕುಟುಂಬಗಳು ಟೆಂಟ್ ಹಾಕಿಕೊಂಡು ಬದುಕಿದ ಜಾಗ ಅದು. ಈ ದಾರಿಯಲ್ಲಿ ಪೆಟ್ರೋಲ್ ಬಂಕ್ ಕಡಿಮೆ, ಸೆಲ್ಮಾದಲ್ಲೇ ಹಾಕಿಸಿಕೊಳ್ಳಿ.

ಅದೇ ವರ್ಷ ಆಗಸ್ಟ್ 6ಕ್ಕೆ ಅಧ್ಯಕ್ಷ ಜಾನ್ಸನ್ ಮತದಾನ ಹಕ್ಕಿನ ಕಾನೂನಿಗೆ ಸಹಿ ಹಾಕಿದರು. ಎರಡು ತಿಂಗಳೊಳಗೆ, ಅಕ್ಟೋಬರ್ 3ಕ್ಕೆ, ಅದೇ ಜಾನ್ಸನ್ ಇನ್ನೊಂದು ಸಹಿ ಹಾಕಿದರು. ಯಾವ ದೇಶದವರು ಅನ್ನುವುದರ ಮೇಲೆ ವಲಸೆ ಕೋಟಾ ಹಂಚುವುದನ್ನು ತೆಗೆದ ಕಾನೂನು. ಅದಕ್ಕೂ ಮೊದಲು ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. "ನೂರಾ? ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೇ ಅದಕ್ಕಿಂತ ಜಾಸ್ತಿ ಜನ ಇರ್ತಾರೆ" ಅಂದರು ಯಜಮಾನರು. ಹನ್ನೊಂದು ವರ್ಷದಿಂದ ಅಟ್ಲಾಂಟಾದಲ್ಲಿದ್ದೇವೆ. ಈ ಎರಡು ಸಹಿಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು ಅವತ್ತೇ ಮೊದಲು.

ಮಾಂಟ್‌ಗೊಮರಿಯಲ್ಲಿ ಲೆಗಸಿ ಮ್ಯೂಸಿಯಂ ಟಿಕೆಟ್ 5 ಡಾಲರ್. ಅದರಲ್ಲೇ, ಬಿಳಿಯರ ಗುಂಪುಗಳು ಕೊಂದ ಕಪ್ಪುಜನರ ಸ್ಮಾರಕವೂ ನದಿ ದಂಡೆಯ ಶಿಲ್ಪ ಉದ್ಯಾನವೂ ಸೇರಿವೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಸಣ್ಣ ಮಕ್ಕಳಿದ್ದರೆ ಯೋಚಿಸಿ, ಗುಂಪಿನ ಕೈಯಲ್ಲಿ ಸತ್ತವರ ಕಥೆಗಳಿವೆ. ಸ್ಮಾರಕದಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬ, ಕೌಂಟಿಗೆ ಒಂದರಂತೆ. ಮೊದಲು ಎದುರಿಗೇ ನಿಂತಿರುತ್ತವೆ, ಹೆಸರು ಓದಬಹುದು. ಹೋಗ್ತಾ ಹೋಗ್ತಾ ನೆಲ ಇಳಿಯುತ್ತದೆ, ಕಂಬಗಳು ತಲೆ ಮೇಲೆ ತೂಗುತ್ತವೆ. ವಯಸ್ಸಾದವರಿಗೆ ಇಲ್ಲಿ ನಡಿಗೆ ಜಾಸ್ತಿ, ಟೋಪಿ ಮತ್ತು ನೀರಿನ ಬಾಟಲಿ ಇರಲಿ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ಒಪ್ಪದ ರೋಸಾ ಪಾರ್ಕ್ಸ್ ಅವರ ಮ್ಯೂಸಿಯಂ ನೋಡಲು ನಮಗೆ ಸಮಯವಿರಲಿಲ್ಲ.

ಊಟದ ವಿಷಯ. ಈ ಕಡೆ ಸೊಪ್ಪಿನ ಪಲ್ಯ, ಬೀನ್ಸ್ ಪಲ್ಯ ನೋಡಿ ಖುಷಿಪಡಬೇಡಿ. ಹಂದಿ ಮಾಂಸ ಹಾಕಿಯೇ ಬೇಯಿಸುವ ಪದ್ಧತಿ. ಕೇಳಿ ತಗೊಳ್ಳಿ. ಕರಿದ ಬೆಂಡೆಕಾಯಿ, ಜೋಳದ ಬ್ರೆಡ್, ಗ್ರಿಟ್ಸ್ ಸಿಗುತ್ತವೆ. ಗ್ರಿಟ್ಸ್ ಅಂದರೆ ಮುಸುಕಿನ ಜೋಳದ ನುಚ್ಚಿನ ಗಂಜಿ ಅಂದುಕೊಳ್ಳಿ. ಅತ್ತೆ ಅದಕ್ಕೆ ನಮ್ಮ ಡಬ್ಬಿಯ ನಿಂಬೆ ಉಪ್ಪಿನಕಾಯಿ ಹಾಕಿಕೊಂಡು ಎರಡು ಬಟ್ಟಲು ಮುಗಿಸಿದರು.

ಅಕ್ಟೋಬರ್‌ನಲ್ಲಿ ಹೋಗಿದ್ದೆವು, ಹವೆ ಹಿತವಾಗಿತ್ತು. ಮಾರ್ಚ್ ಮೊದಲ ವಾರ ಸೆಲ್ಮಾದಲ್ಲಿ ವಾರ್ಷಿಕೋತ್ಸವದ ಜನಸಾಗರ. ಆಗ ಹೋಗುವುದಾದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ.

ಕಿಂಗ್ ಗುಂಡೇಟು ತಿಂದ ಮೆಂಫಿಸ್‌ನ ಲೊರೇನ್ ಮೋಟೆಲ್ ಈ ಸಲ ಆಗಲಿಲ್ಲ. ಈಗ ಅದೂ ಮ್ಯೂಸಿಯಂ. ಮುಂದಿನ ಬೇಸಿಗೆ ರಜೆಗೆ ಹೋಗೋಣ ಅಂತ ಮಗಳೇ ಹೇಳಿದ್ದಾಳೆ. ಮಂಗಳವಾರ ರಜೆ. ನೋಡಿಟ್ಟಿದ್ದೇನೆ.