ಮಡಿಕೇರಿ ಕೋಟೆಗೆ ಅರ್ಧ ದಿನ ಮೀಸಲಿಡಿ

ಮಡಿಕೇರಿಗೆ ಬರುವ ಪ್ರವಾಸಿಗರಲ್ಲಿ ಹಲವರು ರಾಜಾಸೀಟು, ಅಬ್ಬಿ ಜಲಪಾತ ನೋಡಿ, ಊರ ನಡುವಿನ ಕೋಟೆಯನ್ನು ವಾಹನದೊಳಗಿಂದಲೇ ಕಂಡು ಹೊರಟುಬಿಡುತ್ತಾರೆ. ಕಳೆದ ಅಕ್ಟೋಬರಿನಲ್ಲಿ ನಾನು ಕೋಟೆಗೆಂದೇ ಹೋಗಿದ್ದೆ. ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲದ ಕಾರಣ ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 120 ಕಿ.ಮೀ. ಬಸ್ಸಿನಲ್ಲಿ ಸಾಗುವುದು ಅನುಕೂಲ.

ಕೊಡಗಿನ ಅರಸ ಮುದ್ದುರಾಜನು 17ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಮರಳಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದನು. 1790ರಲ್ಲಿ ಅದು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕೈಸೇರಿತು. ಒಳಗಿರುವ ಅರಮನೆಯನ್ನು 1812ರಿಂದ 1814ರ ಅವಧಿಯಲ್ಲಿ ಇಮ್ಮಡಿ ಲಿಂಗರಾಜೇಂದ್ರ ಹೊಸದಾಗಿ ಕಟ್ಟಿಸಿದನು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1933ರಲ್ಲಿ ಅವರು ಅರಮನೆಗೆ ಗಡಿಯಾರದ ಗೋಪುರವನ್ನೂ ಕಮಿಷನರರ ಕಾರು ನಿಲ್ಲಲು ಮುಖಮಂಟಪವನ್ನೂ ಸೇರಿಸಿದರು. ಸ್ವಾತಂತ್ರ್ಯಾನಂತರ ಬಹುಕಾಲ ಇಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಿತ್ತು. ಕಚೇರಿ ನಡೆದದ್ದರಿಂದಲೇ ಅರಮನೆ ಪಾಳುಬೀಳದೆ ಉಳಿಯಿತೆಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಹಳೆಯ ಗಾರೆ ಗೋಡೆಗೆ ಸಿಮೆಂಟು ಮೆತ್ತಿದರೆ, ಒಳಗಿನ ತೇವ ಹೊರಬರಲಾಗದೆ ಗೋಡೆಯೇ ಸಡಿಲವಾಗುತ್ತದೆ. ಆದ್ದರಿಂದ ಇಂಥ ಕಟ್ಟಡಕ್ಕೆ ದುರಸ್ತಿ ಎಷ್ಟು ಅಗತ್ಯವೋ ಅದನ್ನು ಸುಣ್ಣದ ಗಾರೆಯಲ್ಲೇ ಮಾಡುವುದೂ ಅಷ್ಟೇ ಅಗತ್ಯ.

ಆವರಣದಲ್ಲಿ ನಿಜಗಾತ್ರದ ಎರಡು ಗಾರೆಯ ಆನೆಗಳಿವೆ. ಮಕ್ಕಳು ಫೋಟೋಕ್ಕೆಂದು ಅವುಗಳ ಸೊಂಡಿಲಿಗೆ ಜೋತುಬೀಳದಂತೆ ದಯವಿಟ್ಟು ನೋಡಿಕೊಳ್ಳಿ. ಹತ್ತಿರ ಹೋಗಿ ನೋಡಿದಾಗ ಕಿವಿಯ ಮಡಿಕೆಯಲ್ಲಿ ಹಸಿರು ಪಾಚಿ ಕುಳಿತು, ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಮುಂದಿನ ಮಳೆಗಾಲದ ನೀರು ಇಳಿಯುವುದು ಅಲ್ಲಿಂದಲೇ.

ವೀರಭದ್ರ ದೇವಾಲಯವಿದ್ದ ಜಾಗದಲ್ಲಿ ಬ್ರಿಟಿಷರು 1850ರ ದಶಕದಲ್ಲಿ ಕಟ್ಟಿಸಿದ ಸೇಂಟ್ ಮಾರ್ಕ್ಸ್ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಶಿಲ್ಪಗಳಿಗೆ ಕೊಡುವಷ್ಟೇ ಸಮಯವನ್ನು ಅದರ ಬಣ್ಣದ ಗಾಜಿನ ಕಿಟಕಿಗಳಿಗೂ ಕೊಡಿ. ಬೆಳಗಿನ ಬಿಸಿಲು ಬಿದ್ದಾಗ ಅವು ತುಂಬ ಚೆನ್ನ. ರಜಾದಿನವನ್ನೂ, ಅರಮನೆಯ ಯಾವ ಭಾಗಕ್ಕೆ ಪ್ರವೇಶವಿದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಬರುವವರು ಕೊಡೆಯೊಂದಿಗೆ ಜಾರದ ಚಪ್ಪಲಿಯನ್ನೂ ತರಬೇಕು.

ಸಮಯ ಮಿಕ್ಕರೆ ಮಹದೇವಪೇಟೆಯ ಕಡೆ ಹೋಗಿ ರಾಜರ ಗದ್ದುಗೆಗಳನ್ನು, ಅಂದರೆ ಸಮಾಧಿಗಳನ್ನು, ನೋಡಿ. ಅರಮನೆ ಕಟ್ಟಿಸಿದ ಲಿಂಗರಾಜೇಂದ್ರನ ಸಮಾಧಿ ಅಲ್ಲಿಯೇ ಇದೆ.