ಬೆಣೆಗುಳಿಗಳ ಬೆನ್ನು ಹತ್ತಿ: ದುರ್ಗದ ಚಿತ್ರಸಂಗ್ರಹ ಎಲ್ಲಿಗೆ ಬಂತು

ಪ್ರವಾಸದಲ್ಲಿ ಯಾರೂ ಕ್ಯಾಮೆರಾ ಎತ್ತದ ಸಂಗತಿಗಳನ್ನೇ ಹುಡುಕಿ ಚಿತ್ರ ತೆಗೆಯುವ ನನ್ನ ಹವ್ಯಾಸ ಈಚೆಗೆ ಚಿತ್ರದುರ್ಗದ ಕೋಟೆಯಲ್ಲೇ ಬೀಡುಬಿಟ್ಟಿದೆ. ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ ಎಲ್ಲರ ಮೊಬೈಲಿನಲ್ಲೂ ಇವೆ. ನನಗೆ ಬೇಕಾದದ್ದು ಕೋಟೆಯ ಏಳು ಸುತ್ತಿನ ಗೋಡೆಗಳಿಗೆ ಕಲ್ಲು ಒದಗಿಸಿದ ಬಂಡೆಗಳ ಅಂಚು.

ಬಂಡೆ ಸೀಳಲು ಕಲ್ಲುಕುಟಿಗರು ಒಂದೇ ಗೆರೆಯಲ್ಲಿ ಉಳಿಯಿಂದ ಗುಳಿ ತೋಡಿ, ಬೆಣೆ ಇಟ್ಟು ಬಡಿಯುತ್ತಾರೆ. ಕಲ್ಲು ಬಾಯಿ ಬಿಟ್ಟಾಗ ಪ್ರತಿ ಗುಳಿಯೂ ಹೋಳಾಗುತ್ತದೆ. ಅರ್ಧ ಗೋಡೆ ಸೇರಿದ ಕಲ್ಲಿಗೆ, ಅರ್ಧ ಬೆಟ್ಟದಲ್ಲೇ ಉಳಿದ ಬಂಡೆಗೆ. ಹಲ್ಲಿನ ಸಾಲಿನಂತಹ ಈ ಗುರುತನ್ನು ಗೋಡೆಯಲ್ಲೂ ಬಂಡೆಯಲ್ಲೂ ಕಂಡಾಗ, ಕೋಟೆ ಕಟ್ಟಿಸಿದ ನಾಯಕರಿಗಿಂತ ಕಟ್ಟಿದ ಕೈಗಳೇ ನನಗೆ ಹತ್ತಿರವಾಗುತ್ತವೆ. ಗುಳಿ ತೋಡಿಯೂ ಸೀಳದೆ ಬಿಟ್ಟ ಬಂಡೆ ಸಿಕ್ಕರಂತೂ ಅಲ್ಲಿಂದ ಕಾಲು ಕೀಳಲು ಮನಸ್ಸಾಗುವುದಿಲ್ಲ. ಕೆಲಸ ಏಕೆ ನಿಂತಿತು? ಯುದ್ಧವೇ, ಕಲ್ಲಿನ ದೋಷವೇ, ಬೇಕಾದಷ್ಟು ಕಲ್ಲು ಆಯಿತೇ?

ಬೆಳಕಿನ ವಿಷಯ ಈಗ ಕೈಗೆ ಹತ್ತಿದೆ. ನಡು ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಬಿದ್ದು ಗುಳಿಗಳನ್ನು ಅಳಿಸಿಬಿಡುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕಿನಲ್ಲಿ ಅದೇ ಗುಳಿಯ ಒಂದು ಮಗ್ಗುಲು ಕಪ್ಪಾಗಿ ಎದ್ದು ನಿಲ್ಲುತ್ತದೆ. ಗುರುತು ಕಾಣಲೆಂದು ಸೀಮೆಸುಣ್ಣ ಬಳಿಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅಳತೆ ತಿಳಿಯಲು ಪಕ್ಕದಲ್ಲೊಂದು ಪೆನ್ನು ಇಟ್ಟರೆ ಸಾಕು. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕಾದ್ದರಿಂದ, ಚೀಲವನ್ನು ಬಂಡೆಗೆ ಒತ್ತಿ ಅದರ ಮೇಲೆ ಕ್ಯಾಮೆರಾ ಊರುತ್ತೇನೆ.

ಜಾರುಬಂಡೆಗಳ ಮೇಲೆ ಕಡಿದ ಕಾಲುಗುಳಿಗಳ ಚಿತ್ರಗಳೂ ಕೂಡಿವೆ. ಕೋಟೆಯಲ್ಲಿ ಸಿಡಿಮದ್ದು ಬೀಸುತ್ತಿದ್ದ ಕಲ್ಲುಗಳ ಸವೆದ ಅಂಚು ಮಾತ್ರ ಇನ್ನೂ ಮನಸ್ಸಿಗೆ ಬಂದಂತೆ ಬಂದಿಲ್ಲ.

ಮುಂದಿನದು ನೀರಿನ ಜಾಡು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಹರಿಯುವ ಏರ್ಪಾಡು ಇಲ್ಲಿಯದು. ಹೊಂಡಗಳ ಚಿತ್ರ ಎಲ್ಲರೂ ತೆಗೆಯುತ್ತಾರೆ. ನಡುವಿನ ಹಾದಿಯನ್ನು ತೆಗೆಯುವವರು ಕಡಿಮೆ. ಈ ಒಣಸೀಮೆಗೆ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಲೇ ಹೋಗಬೇಕು.

ಅದೇ ದಾರಿಯಲ್ಲಿ ಕೋಟೆಯ ಹತ್ತಿರದ ಚಂದ್ರವಳ್ಳಿಯೂ ಇದೆ. ಪುರಾತತ್ತ್ವಜ್ಞರಾದ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ಮಾಡಿದ ನೆಲವದು. ಅಲ್ಲಿನ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನ ಹೇಳುವುದು ಕೆರೆಯೊಂದರ ನಿರ್ಮಾಣವನ್ನು. ಶಾಸನದ ಅಕ್ಷರಗಳ ಚಿತ್ರ ಬೇಕಾದಷ್ಟಿವೆ. ನಾನು ಕೆರೆಯ ಸುತ್ತಲಿನ ಬಂಡೆಗಳ ಅಂಚುಗಳಲ್ಲಿ ಬೆಣೆಗುಳಿ ಹುಡುಕುವವನಿದ್ದೇನೆ.